ಅಕ್ಷರಗುಂಡಿಗೆ ಹೋಗಿ ಬಂದದ್ದು

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಚಿಕ್ಕಮಗಳೂರಿನ ಬಸ್ಸಿನ ಬಳಿ ನಾವು ನಾಲ್ಕು ಮಂದಿ ನಿಂತಿದ್ದೆವು: ಪಾಸ್ಕಾಲ ಮಾಸ್ತರರು, ಅವರ ಹೆಂಡತಿ ಕರ್ಮಿನ್ ಬಾಯಿ, ಐತನೆಂಬ ನಾನು, ಮತ್ತು ನಮ್ಮನ್ನು ಬಸ್ಸು ಹತ್ತಿಸಲು ಬಂದರಿನಿಂದ ನಡೆದು ಬಂದಿದ್ದ ಇಸ್ಮಾಲಿ ಬ್ಯಾರಿ. ಮಾಸ್ತರರು ಕಂಕನಾಡಿಯ ಒಂದು ಶಾಲೆಯಲ್ಲಿ ಮೂವತ್ತು ವರ್ಷ ನಾಲ್ಕನೆಯ ತರಗತಿಗೆ ಪಾಠ ಹೇಳಿ ಆ ತಿಂಗಳಷ್ಟೇ ನಿವೃತ್ತರಾಗಿದ್ದರು. ನಾನೂ ಇಸ್ಮಾಲಿಯೂ ಅವರ ಕೈಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ನಾನು ನೇತ್ರಾವತಿ ಬದಿಯ ಹಂಚಿನ ಕಾರ್ಖಾನೆಯೊಂದರಲ್ಲಿ ಅಚ್ಚಿಗೆ ಅಕ್ಷರ ಕೊರೆಯುತ್ತೇನೆ. ಇಸ್ಮಾಲಿಗೆ ಬಂದರಿನಲ್ಲಿ ಒಣಮೀನಿನ ಅಂಗಡಿ.

ಅವನು ಒಂದು ಕಟ್ಟು ಒಣಮೀನು ತಂದು ಕರ್ಮಿನ್ ಬಾಯಿಯ ಕೈಗೆ ಕೊಟ್ಟ. ಬಸ್ಸಿನ ಏಜೆಂಟನಿಗೆ ಮೂಗಿನಲ್ಲೇ ವಿಷಯ ತಿಳಿದು, ಅದು ಒಳಗೆ ಬಂದರೆ ಘಟ್ಟದ ಮೇಲಿನವರು ಒಬ್ಬರೂ ಹತ್ತುವುದಿಲ್ಲವೆಂದು ಹೇಳಿ ಕಟ್ಟನ್ನು ಮೇಲೆ ಸಾಮಾನಿನ ಜೊತೆ ಕಟ್ಟಿಸಿದ. ಇಸ್ಮಾಲಿ ಕಿಟಿಕಿಯ ಹತ್ತಿರ ಬಂದು ನಿಂತು ಹೇಳಿದ:

“ಮಾಸ್ಟ್ರೇ, ಆ ಕಲ್ಲಿನಲ್ಲಿ ನಮ್ಮ ಹೆಸರು ಉಂಟಾ ಇಲ್ಲವಾ, ಸರಿ ನೋಡಿ ಬನ್ನಿ. ಆ ಒಂದು ಪ್ರಶ್ನೆಯಲ್ಲಿ ನನ್ನ ಎರಡು ಮಾರ್ಕು ಹೋದದ್ದು.”

“ಎರಡಲ್ಲ, ನಿನ್ನದು ಇಪ್ಪತ್ತೆರಡು ಹೋಗಿತ್ತು,” ಎಂದರು ಮಾಸ್ತರರು. “ಇದೊಂದನ್ನೇ ನೆನಪಿಟ್ಟುಕೊಂಡಿದ್ದೀ.”

ಕಲ್ಲಿನ ವಿಷಯ ಹೇಳದೆ ಪ್ರಯಾಣದ ವಿಷಯ ಹೇಳಿ ಪ್ರಯೋಜನವಿಲ್ಲ. ನಮ್ಮ ಚರಿತ್ರೆ ಪಾಠದಲ್ಲಿ ಅಶೋಕ ಚಕ್ರವರ್ತಿಯದು ಎರಡು ಪುಟ. ಮೈಸೂರು ಸೀಮೆಯ ಬ್ರಹ್ಮಗಿರಿಯಲ್ಲಿ ಅವನ ಶಾಸನವಿದೆ ಎಂದು ಒಂದು ವಾಕ್ಯ. ಅವನ ಶಾಸನಗಳಲ್ಲಿ ಸತಿಯಪುತರೆಂಬ ಜನರ ಹೆಸರು ಬರುತ್ತದೆ, ಅವರು ತುಳುನಾಡಿನವರೆಂದು ಕೆಲವು ವಿದ್ವಾಂಸರ ಅಭಿಪ್ರಾಯ ಎಂದು ಇನ್ನೊಂದು. ಮಾಸ್ತರರು ಈ ಎರಡು ವಾಕ್ಯಗಳನ್ನು ಒಂದು ಮಾಡಿದರು. ಗೋಡೆಯಲ್ಲಿ ತೂಗುತ್ತಿದ್ದ ಆಗಿನ ಇಂಗ್ಲಿಷ್ ಚಕ್ರವರ್ತಿಗಳ ಚಿತ್ರಕ್ಕೆ ಬೆನ್ನು ಹಾಕಿ ನಿಂತು, “ಎರಡು ಸಾವಿರ ವರ್ಷದ ಹಿಂದಿನ ಚಕ್ರವರ್ತಿಗೆ ನಿಮ್ಮ ಅಜ್ಜಂದಿರ ಹೆಸರು ಗೊತ್ತಿತ್ತು. ಬ್ರಹ್ಮಗಿರಿಯ ಕಲ್ಲಿನಲ್ಲಿ ಬರೆಸಿದ್ದಾನೆ. ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ,” ಎನ್ನುತ್ತಿದ್ದರು. ನಾವು ನೆಟ್ಟಗೆ ಕೂರುತ್ತಿದ್ದೆವು. ಪ್ರತಿ ವರ್ಷ ಪರೀಕ್ಷೆಯಲ್ಲಿ ಆ ಪ್ರಶ್ನೆ ಬರುತ್ತಿತ್ತು: ಬ್ರಹ್ಮಗಿರಿಯ ಕಲ್ಲಿನಲ್ಲಿ ಚಕ್ರವರ್ತಿಯು ನಮ್ಮನ್ನು ಏನೆಂದು ಕರೆದಿದ್ದಾನೆ? ಇಸ್ಮಾಲಿ ಉತ್ತರ ಬರೆದದ್ದು, “ಕರೆದಿಲ್ಲ.” ಚಕ್ರವರ್ತಿ ನಮ್ಮ ಬಂದರಿಗೆ ಬಂದವನೇ ಅಲ್ಲ, ನಮ್ಮನ್ನು ಹೇಗೆ ಬಲ್ಲ ಎಂದು ಅವನ ವಾದ. ಸೊನ್ನೆ ಸಿಕ್ಕಿತು, ಜೊತೆಗೆ ಕೈಗೆ ಎರಡು ಪೆಟ್ಟು.

ಮಾಸ್ತರರು ನಿವೃತ್ತರಾಗುವ ದಿನ ಅವರ ಜಾಗಕ್ಕೆ ಬಂದ ಹೊಸ ಉಪಾಧ್ಯಾಯರು ಈ ಪಾಠವನ್ನು ಕೇಳಿ, “ಆ ಕಲ್ಲನ್ನು ತಾವು ನೋಡಿದ್ದೀರಾ?” ಎಂದು ಮರ್ಯಾದೆಯಿಂದಲೇ ಕೇಳಿದ್ದರಂತೆ. ಮಾಸ್ತರರು ಇಲ್ಲವೆಂದರು. ಅಂದಿನಿಂದ ಅವರಿಗೆ ನಿದ್ರೆ ಸರಿಯಿಲ್ಲ. ಕಾಯೋಣವೆಂದರೆ ಕಣ್ಣು ಕಾಯುವುದಿಲ್ಲ. ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣು ಈ ಮಳೆಗಾಲ ದಾಟುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ನಮ್ಮ ಹೆಸರನ್ನು ಆ ಕಲ್ಲಿನ ಮೇಲೆ ಒಮ್ಮೆ ಕಂಡು ಬರಬೇಕು, ಇಷ್ಟೇ ಅವರ ಆಸೆ. ಹಳೆಯ ಬ್ರಾಹ್ಮೀ ಅಕ್ಷರಗಳ ಒಂದು ಪಟ್ಟಿಯನ್ನು ಯಾವುದೋ ಪುಸ್ತಕದಿಂದ ಇಳಿಸಿ ಅವರು ಇಟ್ಟುಕೊಂಡಿದ್ದರು. ಹುಡುಗನಾಗಿದ್ದಾಗ ಅದನ್ನು ನೋಡಿ ನೋಡಿ ನಾನು ಕಲಿತಿದ್ದೆ. ಅಕ್ಷರದ ಆಕಾರ ನನಗೆ, ಅರ್ಥ ಅವರಿಗೆ. ಹಾಗಾಗಿ ನಾನು ಹೋಗಲೇಬೇಕಾಯಿತು.

ಬಸ್ಸು ಏಳಕ್ಕೆ ಬಿಟ್ಟಿತು. ಬಂಟ್ವಾಳ, ಬೆಳ್ತಂಗಡಿ ದಾಟಿ ಉಜಿರೆಯಲ್ಲಿ ಅರ್ಧ ಗಂಟೆ ನಿಂತಿತು. ಅಲ್ಲಿ ಅಕ್ಕಿ ಶಾವಿಗೆಯ ಸೇಮೆ ತಿಂದೆವು. ಚಾರ್ಮಾಡಿಯ ಬುಡದಲ್ಲಿ ಡ್ರೈವರು ಇಳಿದು ಇಂಜಿನಿಗೆ ನೀರು ಕುಡಿಸಿ, ತಾನೂ ಕುಡಿದು, ಕೈಮುಗಿದು ಹತ್ತಿದ. ಘಟ್ಟದ ತಿರುವುಗಳಲ್ಲಿ ಕರ್ಮಿನ್ ಬಾಯಿ ಕಣ್ಣು ಮುಚ್ಚಿ ಜಪಮಾಲೆ ಹಿಡಿದರು. ಮಾಸ್ತರರು ಕಣ್ಣು ಬಿಟ್ಟೇ ಇದ್ದರು, ಆದರೆ ಅವರಿಗೆ ಕಾಣುತ್ತಿದ್ದದ್ದು ಕೊಳವೆಯೊಳಗಿಂದ ನೋಡಿದಷ್ಟು. “ಎಂತ ಉಂಟು ಹೇಳು,” ಎಂದು ತಿರುವಿಗೊಮ್ಮೆ ಕೇಳುವರು. ನಾನು ಕಾಡು, ಕಣಿವೆ, ಕೆಳಗೆ ಹುಳದ ಹಾಗೆ ಕಾಣುವ ಗಾಡಿ ಎಂದೆಲ್ಲ ಹೇಳುತ್ತಾ ಹೋದೆ. ಒಂದು ಕಡೆ ಏನೂ ಇಲ್ಲದಾಗ ಒಂದು ಜಲಪಾತವನ್ನು ಸೇರಿಸಿ ಹೇಳಿದೆ. ಏಪ್ರಿಲಿನಲ್ಲಿ ಎಲ್ಲಿಯ ಜಲಪಾತವೆಂದು ಅವರು ಕೇಳಿದರು. ನನಗೆ ನಾಚಿಕೆಯಾಯಿತು, ಆದರೆ ಬುದ್ಧಿ ಬರಲಿಲ್ಲ.

ಸಂಜೆ ಐದಕ್ಕೆ ಚಿಕ್ಕಮಗಳೂರು. ಬಸ್ಸಿಗೆ ಒಬ್ಬರಿಗೆ ಮೂರು ರೂಪಾಯಿ. ತಂಪು ಗಾಳಿ. ಹೋಟೆಲಿನಲ್ಲಿ ಮೈಸೂರು ಮಹಾರಾಜರ ಪಟ ಒಂದು ಗೋಡೆಗೆ, ಚಕ್ರವರ್ತಿಗಳದು ಇನ್ನೊಂದು ಗೋಡೆಗೆ ಇತ್ತು. ಯಜಮಾನ ನನ್ನ ರೂಪಾಯಿಯನ್ನು ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳಿಯೇ ಪೆಟ್ಟಿಗೆಗೆ ಹಾಕಿದ. ಮಾಸ್ತರರು ಅದನ್ನು ಗಮನಿಸಿದರು. ಈ ಚಕ್ರವರ್ತಿಯ ಮುಖವಿದ್ದೂ ನಾಣ್ಯವನ್ನು ಕುಟ್ಟಿ ನೋಡುತ್ತಾರೆ, ಆ ಚಕ್ರವರ್ತಿ ಮುಖವನ್ನೂ ಕೊಡದೆ ಬರೀ ಮಾತು ಕೊಟ್ಟು ಹೋದ ಎಂದರು. ಕರ್ಮಿನ್ ಬಾಯಿ, “ಊಟ ಮಾಡಿ. ಚಕ್ರವರ್ತಿಗೆ ಹಸಿವಿಲ್ಲ,” ಎಂದರು.

ಮಂಗಳವಾರ ಕಡೂರಿಗೆ ಬಸ್ಸು. ಅಲ್ಲಿಂದ ರೈಲು. ಚಿಕ್ಕಜಾಜೂರಿನಲ್ಲಿ ಇಳಿದು ಬೇರೆ ಗಾಡಿ ಹಿಡಿದು ಚಿತ್ರದುರ್ಗ ಸೇರುವಾಗ ಕತ್ತಲಾಗಿತ್ತು. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಒಣಮೀನಿನ ಕಟ್ಟು ನಮ್ಮ ಕಾಲ ಕೆಳಗೇ ಇತ್ತು. ಎದುರು ಕೂತ ಒಬ್ಬರು ಎರಡು ಸ್ಟೇಷನ್ ಸಹಿಸಿ ಮೂರನೆಯದರಲ್ಲಿ ಎದ್ದು ಹೋದರು. ನಮಗೆ ಕಾಲು ಚಾಚಲು ಜಾಗವಾಯಿತು. ಇಸ್ಮಾಲಿಗೆ ಅಷ್ಟು ದೂರಾಲೋಚನೆ ಇತ್ತೋ ಇಲ್ಲವೋ ತಿಳಿಯದು.

ಬುಧವಾರ ಬಸ್ಸಿನಲ್ಲಿ ಚಳ್ಳಕೆರೆಯ ಮೇಲೆ ಹಾನಗಲ್ಲಿಗೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬ್ರಹ್ಮಗಿರಿಯ ಬುಡದ ಸಿದ್ದಾಪುರಕ್ಕೆ ಹೋದೆವು. ಇಂಥ ಸೀಮೆಯನ್ನು ನಾನು ಕಂಡಿರಲಿಲ್ಲ. ನಮ್ಮಲ್ಲಿ ಬಾವಿಗೆ ಹತ್ತು ಅಡಿ ಅಗೆದರೆ ನೀರು. ಇಲ್ಲಿ ಹೊಳೆಯೆಂದು ಗಾಡಿಯವ ತೋರಿಸಿದ್ದು ಮರಳು. ಬಂಡೆಗಳು ಒಂದರ ಮೇಲೊಂದು ಕೂತಿವೆ, ಯಾರೋ ಜೋಡಿಸಿಟ್ಟು ಮರೆತ ಹಾಗೆ. ಬಿಸಿಲು ತಲೆಯ ಮೇಲಲ್ಲ, ನೆಲದಿಂದ ಹೊಡೆಯುತ್ತಿತ್ತು. ಊರಿನ ಶಾಲೆಯ ಜಗಲಿಯಲ್ಲಿ ಮಲಗಲು ಜಾಗ ಕೊಟ್ಟರು. ಗಂಗಮ್ಮ ಎಂಬ ಹೆಂಗಸು ಸಜ್ಜೆ ರೊಟ್ಟಿ, ಹುರುಳಿ ಸಾರು ಮಾಡಿ ತಂದುಕೊಟ್ಟಳು. ಸುಮಾರು ಐವತ್ತು ವಯಸ್ಸು, ಹತ್ತಿಪ್ಪತ್ತು ದನ ಸಾಕಿಕೊಂಡವಳು. ಕಲ್ಲು ನೋಡಲು ಬಂದಿದ್ದೇವೆಂದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ.

“ಅಕ್ಷರಗುಂಡಿಗಾ? ನಿಮ್ಮ ಹಸ ಎಲ್ಲೈತೆ?” ಎಂದಳು.

ವಿಚಾರಿಸಿದಾಗ ತಿಳಿಯಿತು: ಆ ಬರಹದ ಬಂಡೆಗೆ ಅಲ್ಲಿಯವರು ಇಟ್ಟ ಹೆಸರು ಅಕ್ಷರಗುಂಡು. ಹಸು ಕರು ಹಾಕಲಾರದೆ ಒದ್ದಾಡಿದರೆ ಆ ಕಲ್ಲಿನ ಮೇಲೆ ನೀರು ಹೊಯ್ದು, ಅಕ್ಷರಗಳ ಮೇಲಿಂದ ಹರಿದು ಬಂದದ್ದನ್ನು ಹಿಡಿದು ಕುಡಿಸುತ್ತಾರೆ. ಹೆರಿಗೆಯ ಹೆಂಗಸರಿಗೂ ಕೊಡುವುದುಂಟು. ಯಾವ ರಾಜ ಬರೆಸಿದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕೆಂದೂ ಇರಲಿಲ್ಲ. ಮಾಸ್ತರರು ಅವಳಿಗೆ ಅಶೋಕನ ಕಥೆಯನ್ನು ಯುದ್ಧದಿಂದ ಹಿಡಿದು ಪಶ್ಚಾತ್ತಾಪದವರೆಗೆ ಹೇಳಿದರು. ಅವಳು ಪೂರ್ತಿ ಕೇಳಿ, ಅಷ್ಟು ಜನರನ್ನು ಕೊಂದ ಮೇಲೆ ದನಕ್ಕೆ ಒಳ್ಳೆಯದು ಮಾಡಿದ್ದು ಸರಿಯಾಯಿತು ಎಂದಳು.

ಗುರುವಾರ ಬಿಸಿಲೇರುವ ಮೊದಲು ಗಂಗಮ್ಮನ ಹಿಂದೆ ಹೊರಟೆವು. ಅರ್ಧ ಮೈಲು. ಬೆಟ್ಟದ ಬುಡದಲ್ಲಿ ಒಂದು ದೊಡ್ಡ ಬಂಡೆ, ಅದರ ಓರೆಯಾದ ಮೈಮೇಲೆ ಹದಿಮೂರು ಸಾಲು. ಮಾಸ್ತರರು ಚಪ್ಪಲಿ ಕಳಚಿ ಬಂಡೆಯ ಅಂಚಿನಲ್ಲಿ ಕುಳಿತರು. ಬಾಗಿ ಬಲಗಣ್ಣನ್ನು ಕಲ್ಲಿಗೆ ಒಂದು ಗೇಣು ಹತ್ತಿರ ತಂದು ಬಹಳ ಹೊತ್ತು ನೋಡಿದರು. ಗೆರೆಗಳು ಕಾಣುತ್ತವೆ, ಕೂಡುವುದಿಲ್ಲ ಎಂದರು. “ನೀನೇ ಓದು ಐತ. ನಾನು ಬೆರಳಿಡುತ್ತೇನೆ.”

ನಾನು ಮೊಣಕಾಲೂರಿ ಓದತೊಡಗಿದೆ. ನಾಲ್ಕು ಅಕ್ಷರವಾದರೂ ಮಾಸ್ತರರಿಗೆ ಅರ್ಥ ಹತ್ತಲಿಲ್ಲ. ಎರಡನೆಯ ಸಲ ಓದಿದರೂ ಇಲ್ಲ. ಆಮೇಲೆ ಅವರಿಗೆ ಹೊಳೆಯಿತು.

“ಏ ಮಾರಾಯ, ನೀನು ಯಾವ ಕಡೆಯಿಂದ ಓದುತ್ತಾ ಇದ್ದೀ?”

ನಾನು ಬಲದಿಂದ ಎಡಕ್ಕೆ ಓದುತ್ತಿದ್ದೆ. ಹಂಚಿನ ಮೇಲೆ ಹೆಸರು ಸರಿಯಾಗಿ ಮೂಡಬೇಕಾದರೆ ಅಚ್ಚಿನಲ್ಲಿ ಅದನ್ನು ತಿರುಗಿಸಿ ಕೊರೆಯಬೇಕು. ಹದಿನೆಂಟು ವರ್ಷದಿಂದ ನಾನು ಕೊರೆದ ಅಕ್ಷರವೆಲ್ಲ ಬಲದಿಂದ ಎಡಕ್ಕೆ. ಕೊರೆದ ಅಕ್ಷರ ಕಂಡ ಕೂಡಲೇ ಕಣ್ಣು ಅಭ್ಯಾಸದಿಂದ ಬಲತುದಿಗೆ ಹೋಗಿತ್ತು. “ಇದು ನಿನ್ನ ಹಂಚಲ್ಲ, ಚಕ್ರವರ್ತಿಯ ಅಪ್ಪಣೆ,” ಎಂದು ಮಾಸ್ತರರು ನನ್ನ ತಲೆಗೆ ಹಗುರವಾಗಿ ಮೊಟಕಿದರು. ಕರ್ಮಿನ್ ಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು.

ಎಡದಿಂದ ಸುರು ಮಾಡಿದೆ. ಸು, ವಂ, ಣ, ಗಿ, ರೀ, ತೇ. “ಸುವರ್ಣಗಿರಿಯಿಂದ,” ಎಂದರು ಮಾಸ್ತರರು. ಅವರ ಸ್ವರ ತರಗತಿಯ ಸ್ವರವಾಯಿತು. ಮುಂದಿನವು ಅ, ಯ, ಪು, ತ, ಸ.

ಅವರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

“ಪುತ. ಪುತ ಬಂತಲ್ಲ. ಅದರ ಹಿಂದೆ ಎಂತ ಉಂಟು, ಸರಿ ನೋಡು. ಅ ಅಲ್ಲದಿರಬಹುದು. ಸತಿ ಉಂಟಾ?”

ಅಲ್ಲಿ ಇದ್ದದ್ದು ತೇ. ಅದರ ಮುಂದೆ ಅ. ಎರಡೂ ನಿನ್ನೆ ಉಳಿ ಇಟ್ಟು ಎದ್ದು ಹೋದ ಹಾಗೆ ಇದ್ದವು. ಆದರೆ ಮಾಸ್ತರರ ಮುಖ ನನ್ನ ಕಡೆಗೆ ತಿರುಗಿತ್ತು. ಮೂವತ್ತು ವರ್ಷ, ವರ್ಷಕ್ಕೆ ನಲವತ್ತು ಮಕ್ಕಳು, ನೆಟ್ಟಗಾದ ಅಷ್ಟು ಬೆನ್ನುಗಳು. ಮೂರು ದಿನದ ದಾರಿ. ಮಳೆಗಾಲದ ಮೇಲೆ ಈ ಕಣ್ಣಿಗೆ ಬೇರೇನೂ ಕಾಣಲಿಕ್ಕಿಲ್ಲ.

“ಅಲ್ಲಿ ಸವೆದಿದೆ ಮಾಸ್ಟ್ರೇ. ಇರಬಹುದು,” ಎಂದೆ.

ಅವರು ಉಸಿರು ಬಿಟ್ಟರು. ಹೆಂಡತಿಗೆ ಕೊಂಕಣಿಯಲ್ಲಿ, ಸಿಕ್ಕಿತು ಎಂದರು. ಸವೆದ ಜಾಗಕ್ಕೆ ಬೆರಳಿಡಬೇಕೆಂದರು. ನಾನು ಅವರ ಬೆರಳನ್ನು ಅಕ್ಷರವಿಲ್ಲದ ಒಂದು ಒರಟು ತಾವಿಗೆ ಒಯ್ದು ಇಟ್ಟೆ. ಅವರು ಅದನ್ನು ಸವರುತ್ತಾ ಕೂತರು. ನನಗೆ ಬಂಡೆಯ ಮೇಲಿನ ಆ ಹೊತ್ತಿನ ಬಿಸಿಲು ಈಗಲೂ ನೆನಪಿದೆ.

ಮುಂದೆ ಓದಿದೆವು. ಇಸಿಲವೆಂಬ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿ ಆಮೇಲೆ ಅಪ್ಪಣೆ ಸುರುವಾಗುತ್ತದೆ. “ಕ್ಷೇಮ ಕೇಳಿಯೇ ಮಾತಿಗೆ ಬಂದಿದ್ದಾನೆ, ದೊಡ್ಡವರ ಕ್ರಮ,” ಎಂದು ಮಾಸ್ತರರು ಮೆಚ್ಚಿದರು. ಚಕ್ರವರ್ತಿಯ ಹೆಸರೇ ಇಲ್ಲ, ದೇವರಿಗೆ ಪ್ರಿಯನಾದವನು ಎಂದಷ್ಟೇ ಇದೆ. ತಂದೆತಾಯಿಯ ಮಾತು ಕೇಳಬೇಕು ಎಂದು ಬಂತು. ಪ್ರಾಣಿಗಳಲ್ಲಿ ದಯೆ ಇರಬೇಕು ಎಂದು ಬಂತು. ಅದನ್ನು ಗಂಗಮ್ಮನಿಗೆ ಹೇಳಿದಾಗ ಅವಳು, ಅದಕ್ಕೇ ಮತ್ತೆ ನೀರು ಹಿಡಿಯೋದು ಎಂದಳು. ಮುಂದಿನ ಅಕ್ಷರ ಸ.

“ಸ,” ಎಂದೆ.

“ಸ?” ಮಾಸ್ತರರು ಮುಂದಕ್ಕೆ ಬಾಗಿದರು. “ಪುನಃ ಬಂತಾ? ತಿ ಉಂಟಾ? ಸವೆದಿಲ್ಲ ತಾನೇ?”

ಸವೆದಿರಲಿಲ್ಲ. “ಚಂ,” ಎಂದೆ. ಆಮೇಲೆ ವ, ತ, ವಿ, ಯಂ.

“ಸಚಂ ವತವಿಯಂ.” ಅವರು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು. “ಸಚಂ ಅಂದರೆ ಸತ್ಯ. ವತವಿಯಂ, ವಕ್ತವ್ಯಂ. ಸತ್ಯವನ್ನು ಹೇಳತಕ್ಕದ್ದು. ಮುಂದೆ ಓದು.”

ನನಗೆ ಮುಂದೆ ಓದಲಾಗಲಿಲ್ಲ. ಅವರು ಮತ್ತೊಮ್ಮೆ ಓದೆಂದರು. ಕರ್ಮಿನ್ ಬಾಯಿ ನನ್ನ ಮುಖ ನೋಡಿ, ಬಿಸಿಲು ಹೊಡೆಯಿತೆಂದು ನೀರಿನ ಚೆಂಬು ಎತ್ತಿದರು.

“ಮಾಸ್ಟ್ರೇ, ಮೇಲೆ ಸವೆದಿಲ್ಲ,” ಎಂದೆ. “ಅಲ್ಲಿ ತೇ ಉಂಟು, ಮತ್ತೆ ಅ ಉಂಟು. ಚೆನ್ನಾಗಿಯೇ ಉಂಟು. ಸತಿ ಇಲ್ಲ. ನಾನು ಸುಳ್ಳು ಹೇಳಿದೆ.”

ಅವರು ನನ್ನ ಕೈಯನ್ನು ಹುಡುಕಿ ಹಿಡಿದು, ಆ ಜಾಗಕ್ಕೆ ಬೆರಳು ಒಯ್ಯೆಂದರು. ಈ ಸಲ ಸರಿಯಾದ ಜಾಗಕ್ಕೆ ಒಯ್ದೆ. ತೇ, ಅ, ಯ, ಪು, ತ, ಒಂದೊಂದರ ಗುಂಡಿಯಲ್ಲಿಯೂ ಬೆರಳು ಇಳಿಸಿ ನೋಡಿದರು. ಅಯಪುತನೆಂದರೆ ಆರ್ಯಪುತ್ರ, ಅಲ್ಲಿ ಆಳಿಕೊಂಡಿದ್ದ ರಾಜಕುಮಾರ ಇರಬೇಕು, ನಾವಲ್ಲ ಎಂದರು. ಉಳಿದದ್ದನ್ನು ಅಕ್ಷರ ಬಿಡದೆ ಓದಿಸಿದರು, ಎಲ್ಲಿಯೂ ನಾವಿಲ್ಲ. ಒಂದು ಕಡೆ, ಶಿಷ್ಯನು ಆಚಾರ್ಯನನ್ನು ಗೌರವಿಸತಕ್ಕದ್ದು ಎಂದು ಬಂದಾಗ ನಾನು ತಲೆ ಎತ್ತಲಿಲ್ಲ.

“ಹೆದರಬೇಡ,” ಎಂದರು ಮಾಸ್ತರರು. “ಸತ್ಯ ಹೇಳುವುದು, ಗುರುವನ್ನು ಗೌರವಿಸುವುದು, ಚಕ್ರವರ್ತಿ ಹೇಳಿದ ಈ ಎರಡರಲ್ಲಿ ನೀನು ಒಂದು ಬಿಟ್ಟು ಒಂದು ಮಾಡಿದ್ದೀ. ನಾನು ಅದೂ ಮಾಡಲಿಲ್ಲ. ನೋಡದ್ದನ್ನು ನೋಡಿದ ಹಾಗೆ ಹೇಳಿದೆ.”

ಕೊನೆಯ ಸಾಲಿನಲ್ಲಿ ಬರೆದವನ ಹೆಸರಿದೆ, ಚಪಡ. ಅದರ ನಂತರದ ಐದು ಅಕ್ಷರ ನಮ್ಮ ಪಟ್ಟಿಯಲ್ಲಿಲ್ಲದ ಬೇರೆ ಲಿಪಿ. ಓದಲಾಗದೆ ಬಿಟ್ಟೆವು. ಅಚ್ಚಿನ ಮೂಲೆಯಲ್ಲಿ ನಾವೂ ಧಣಿಗೆ ಕಾಣದ ಹಾಗೆ ನಮ್ಮದೊಂದು ಗುರುತು ಹಾಕುವುದುಂಟು. ಚಕ್ರವರ್ತಿಯ ಹೆಸರಿಲ್ಲದ ಕಲ್ಲಿನಲ್ಲಿ ಅಕ್ಷರ ಬರೆದವನ ಹೆಸರು ಉಳಿದದ್ದು ಕಂಡು, ನನ್ನ ಮಟ್ಟಿಗೆ, ಖುಷಿಯಾಯಿತು.

ಹೊರಡುವಾಗ ಕರ್ಮಿನ್ ಬಾಯಿ ಗಂಗಮ್ಮನಿಂದ ಚೆಂಬು ತೆಗೆದುಕೊಂಡು ಮೇಲಿನ ಸಾಲಿನಿಂದ ನೀರು ಹೊಯ್ದರು. ಕೆಳಗೆ ಹರಿದು ಬಂದದ್ದನ್ನು ಬೊಗಸೆಯಲ್ಲಿ ಹಿಡಿದು, ಶಿಲುಬೆಯ ಗುರುತು ಮಾಡಿ, ಗಂಡನ ಕಣ್ಣಿಗೆ ಹಚ್ಚಿದರು. ಇದು ದನಗಳಿಗೆಂದು ಮಾಸ್ತರರು ಮುಖ ತಿರುಗಿಸಿದರು.

“ನೀವು ಓದಿದ್ದಾಯಿತಲ್ಲ. ಇನ್ನು ನನ್ನ ಸರದಿ. ಸುಮ್ಮನೆ ಕೂತುಕೊಳ್ಳಿ,” ಎಂದರು ಕರ್ಮಿನ್ ಬಾಯಿ. ಅವರು ಕೂತುಕೊಂಡರು.

ಒಣಮೀನಿನ ಕಟ್ಟನ್ನು ಗಂಗಮ್ಮನಿಗೆ ಕೊಡಲು ಹೋದೆವು. ಅವಳು ಬಿಚ್ಚಿ ನೋಡಿ, ಮೂಗು ಮುಚ್ಚಿ, ಇದಕ್ಕೂ ಕಲ್ಲಿನ ನೀರು ಹೊಯ್ಯಬೇಕು ಎಂದು ತಿರುಗಿ ಕೊಟ್ಟಳು. ಬಂದ ದಾರಿಯಲ್ಲೇ ಹಿಂದಿರುಗಿದೆವು. ಚಾರ್ಮಾಡಿಯಲ್ಲಿ ಮಾಸ್ತರರು ಎಂತ ಉಂಟೆಂದು ಕೇಳಿದಾಗ, ಮಂಜು, ಏನೂ ಕಾಣುವುದಿಲ್ಲ ಎಂದೆ. ಹಾಗೇ ಇತ್ತು. ಭಾನುವಾರ ಸಂಜೆ ಮಂಗಳೂರು. ಬಸ್ಸಿನಿಂದ ಇಳಿಯುತ್ತಲೇ ಕಡಲಿನ ಗಾಳಿಗೆ ಮೈ ಅಂಟಾಯಿತು. ಹಿತವೆನಿಸಿತು.

ಜೂನಿನಲ್ಲಿ ಶಾಲೆ ಸುರುವಾದ ದಿನ ಮಾಸ್ತರರು ಹೊಸ ಉಪಾಧ್ಯಾಯರ ಅಪ್ಪಣೆ ಪಡೆದು ತರಗತಿಯಲ್ಲಿ ನಿಂತು, ಬ್ರಹ್ಮಗಿರಿಯ ಕಲ್ಲಿನಲ್ಲಿ ನಮ್ಮ ಹೆಸರಿಲ್ಲ, ಬೇರೆಡೆಯ ಶಾಸನದಲ್ಲಿ ಇರುವ ಹೆಸರು ನಮ್ಮದೇ ಎಂದೂ ಖಾತ್ರಿಯಿಲ್ಲ ಎಂದು ಹೇಳಿದರು. ಅಲ್ಲಿಗೆ ನಿಲ್ಲಿಸಲಿಲ್ಲ. ಹಳೆಯ ಶಿಷ್ಯರು ಎಲ್ಲಿ ಸಿಕ್ಕಿದರೂ ಕೊಡೆಯ ತುದಿಯಿಂದ ತಡೆದು ನಿಲ್ಲಿಸಿ ತಿದ್ದಿದರು. ಕೋರ್ಟಿನ ಮೆಟ್ಟಿಲಲ್ಲಿ ಒಬ್ಬ ವಕೀಲನನ್ನು ತಿದ್ದಿದರು, ಸುರತ್ಕಲ್ ಬಸ್ಸಿನ ಕಂಡಕ್ಟರನನ್ನು ಬಸ್ಸು ನಿಲ್ಲಿಸಿಯೇ ತಿದ್ದಿದರು. ಕಾಟಿಪಳ್ಳಕ್ಕೆ ಮದುವೆಗೆ ಹೋದವರು ಮದುಮಗನ ತಂದೆಯನ್ನು ತಿದ್ದಿ ಬಂದರು. ಊರು ಬಿಟ್ಟವರಿಗೆ ನನ್ನ ಕೈಯಲ್ಲಿ ಕಾರ್ಡು ಬರೆಸಿದರು. ಹೆಚ್ಚಿನವರಿಗೆ ಪಾಠವೇ ಮರೆತುಹೋಗಿತ್ತು. ಹೌದಾ ಮಾಸ್ಟ್ರೇ ಎಂದು ಮರ್ಯಾದೆಗೆ ಹೇಳಿ ಹೋದರು.

ಬಂದರಿಗೆ ಮಾತ್ರ ಅವರು ಹೋಗಲು ತಡಮಾಡಿದರು. ಜುಲೈಯ ಒಂದು ಮಧ್ಯಾಹ್ನ, ಮಳೆ ಸ್ವಲ್ಪ ಬಿಟ್ಟಾಗ, ನನ್ನ ಭುಜ ಹಿಡಿದುಕೊಂಡು ಇಸ್ಮಾಲಿಯ ಅಂಗಡಿಗೆ ಬಂದರು. ಕುಳಿತುಕೊಳ್ಳಲಿಲ್ಲ.

“ಇಸ್ಮಾಲಿ, ಆ ಕಲ್ಲಿನಲ್ಲಿ ಕರೆದಿಲ್ಲ,” ಎಂದರು.

ಇಸ್ಮಾಲಿ ನಕ್ಕು ಏನೋ ಹೇಳಹೊರಟವನು ಅವರ ಕಣ್ಣನ್ನು ನೋಡಿ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಕೇಳಿದ:

“ಹಾಗಾದರೆ ನನ್ನದು ಸರಿ ಅಲ್ಲವಾ ಮಾಸ್ಟ್ರೇ?”

“ಸರಿ. ನೀನು ಗೊತ್ತಿದ್ದು ಬರೆದದ್ದಲ್ಲ, ಹಟಕ್ಕೆ ಬರೆದದ್ದು. ಆದರೂ ಉತ್ತರ ಸರಿ.”

ಅವರು ನನ್ನಿಂದ ಒಂದು ಚೀಟಿ ಬರೆಸಿದರು: ನಾಲ್ಕನೆಯ ತರಗತಿ, ಚರಿತ್ರೆ, ಇಸ್ಮಾಲಿ, ಎರಡು ಮಾರ್ಕು. ಕೆಳಗೆ ತಾವೇ ರುಜು ಹಾಕಿದರು. ರುಜು ಕಾಗದದ ಅಂಚು ದಾಟಿ ಹಲಗೆಯ ಮೇಲೆ ಮುಗಿಯಿತು. ಇಸ್ಮಾಲಿ ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಪೆಟ್ಟಿನ ವಿಷಯ ಅವನು ಎತ್ತಲಿಲ್ಲ. ಮಾಸ್ತರರೇ ತಮ್ಮ ಅಂಗೈಯನ್ನು ಮುಂದೆ ಚಾಚಿದರು. ಅವನು ಅದನ್ನು ಹಿಡಿದು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಚಹಾ ತರಿಸಿದ.

ಆ ಮಳೆಗಾಲ ಮುಗಿಯುವ ಮೊದಲೇ ಮಾಸ್ತರರ ಕಣ್ಣು ಪೂರ್ತಿ ಹೋಯಿತು. ಮುಂದಿನ ವರ್ಷ ಚಕ್ರವರ್ತಿಗಳು ತೀರಿಕೊಂಡರು. ಇಸ್ಮಾಲಿ ಅಂಗಡಿಯಲ್ಲಿದ್ದ ಅವರ ಚಿತ್ರದ ಕ್ಯಾಲೆಂಡರನ್ನು ತೆಗೆದು ಅದೇ ಮೊಳೆಗೆ ಹೊಸ ಚಕ್ರವರ್ತಿಯ ಚಿತ್ರದ್ದನ್ನು ಹಾಕಿದ. ವರ್ಷ ತುಂಬುವುದರೊಳಗೆ ಅವರೂ ಸಿಂಹಾಸನ ಬಿಟ್ಟದ್ದರಿಂದ ಮತ್ತೊಂದನ್ನು ಹಾಕಬೇಕಾಯಿತು. ಪಕ್ಕದ ಮೊಳೆಗೆ ಚುಚ್ಚಿಟ್ಟಿದ್ದ ಎರಡು ಮಾರ್ಕಿನ ಚೀಟಿಯನ್ನು ಅವನು ತೆಗೆಯಲಿಲ್ಲ.